ಮುಗಿಲಿನಿಂದ ಧುಮುಕಿದ ವೈದ್ಯ: ಕರ್ನಲ್ ರಂಗರಾಜ್ ಸಾಹಸಗಾಥೆ

ಚಿಕ್ಕೋಡಿ: ನಸುಕಿನ ಹೊತ್ತಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ರಸ್ತೆಗಳಲ್ಲಿ ಸೇನಾ ಭರ್ತಿಗಾಗಿ ಓಡುವ ತರುಣರ ಗುಂಪು ಕಾಣಸಿಗುವುದು ಹೊಸದೇನಲ್ಲ. ಜಿಲ್ಲಾ ಕೇಂದ್ರ ಬೆಳಗಾವಿಯಲ್ಲಿ 1922ರಿಂದ ಮರಾಠಾ ಲಘು ಪದಾತಿದಳದ ಕೇಂದ್ರವಿದ್ದು, ಈ ಗಡಿ ಸೀಮೆಯ ಮನೆಗಳಿಗೂ ಸೇನೆಗೂ ಹಳೆಯ ನಂಟು. 1971ರ ಡಿಸೆಂಬರ್ 11ರಂದು ಇಂದಿನ ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ವಿಮಾನದಿಂದ ಧುಮುಕಿದ 2ನೇ ಪ್ಯಾರಾ ಬೆಟಾಲಿಯನ್ನಿನ ಮೂಲವೂ ಇದೇ ಮರಾಠಾ ದಳ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ನಮ್ಮದೇ ರಾಜಧಾನಿ ಬೆಂಗಳೂರಿನಲ್ಲಿ. ಓಡುವ ಈ ತರುಣರಲ್ಲಿ ಕೆಲವರ ಕಣ್ಣು ಆಗಸದ ಮೇಲೆ ನೆಟ್ಟಿದ್ದರೆ ಅಚ್ಚರಿಯಿಲ್ಲ.

ಆದರೆ ಆಗಸದಿಂದ ಮೊದಲ ಬಾರಿಗೆ ಧುಮುಕಿದವನ ಮುಂದಿನ ಹಾದಿ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುವವರು ಅಗತ್ಯವಾಗಿ ಅರಿಯಬೇಕಾದ ಬದುಕೊಂದಿದೆ. ಅದು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರದು. ವೃತ್ತಿಯಿಂದ ವೈದ್ಯ. ಭಾರತೀಯ ಸೇನೆಯಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿದ ಮೊದಲ ಇಬ್ಬರು ಭಾರತೀಯರಲ್ಲಿ ಒಬ್ಬರು.

ಮೊದಲ ಜಿಗಿತ

ಭಾರತೀಯನೊಬ್ಬ ಪ್ಯಾರಾಚೂಟಿನಲ್ಲಿ ಇಳಿದದ್ದು ಇವರಿಗಿಂತ ಬಹು ಹಿಂದಿನ ಮಾತು. ಬಂಗಾಳದ ರಾಮಚಂದ್ರ ಚಟರ್ಜಿ 19ನೇ ಶತಮಾನದ ಕೊನೆಯಲ್ಲೇ ಬಲೂನಿನಿಂದ ಜಿಗಿದು ಜನರನ್ನು ಬೆರಗುಗೊಳಿಸಿದ್ದರು. ಅದು ಪ್ರದರ್ಶನ. ಯುದ್ಧಕ್ಕಾಗಿ ಧುಮುಕುವ ಪಡೆಯೊಂದು ಭಾರತದಲ್ಲಿ ರೂಪುಗೊಂಡದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರ ಅಕ್ಟೋಬರಿನಲ್ಲಿ. ದೆಹಲಿಯಲ್ಲಿ ಸ್ಥಾಪನೆಗೊಂಡ 50ನೇ ಪ್ಯಾರಾಚೂಟ್ ಬ್ರಿಗೇಡಿನಲ್ಲಿ ಬ್ರಿಟಿಷರ, ಭಾರತೀಯರ ಹಾಗೂ ಗೂರ್ಖಾಗಳ ತಲಾ ಒಂದು ಬೆಟಾಲಿಯನ್ ಇತ್ತು. ಭಾರತೀಯರದ್ದು 152ನೇ ಬೆಟಾಲಿಯನ್. ಅದರ ವೈದ್ಯಾಧಿಕಾರಿಯಾಗಿ ಬಂದವರು ಯುವ ಲೆಫ್ಟಿನೆಂಟ್ ರಂಗರಾಜ್.

ತರಬೇತಿ ನಡೆದದ್ದು ಅಂದಿನ ವಿಲಿಂಗ್ಡನ್, ಇಂದಿನ ಸಫ್ದರ್‌ಜಂಗ್ ವಿಮಾನ ನಿಲ್ದಾಣದಲ್ಲಿ. ವಿಮಾನಗಳು ಹಳೆಯ ಕಾಲದ ಇಬ್ಬದಿ ರೆಕ್ಕೆಯ ವ್ಯಾಲೆನ್ಸಿಯಾ. ಪ್ಯಾರಾಚೂಟುಗಳಿಗೂ ಬರ. ವಿಮಾನದೊಳಗಿನ ತಂತಿಗೆ ಕೊಕ್ಕೆ ಹಾಕಿದ ಪಟ್ಟಿಯೊಂದು ಸೈನಿಕ ಹೊರಬಿದ್ದೊಡನೆ ಸೆಳೆದು ಆತನ ಬೆನ್ನಿನ ಛತ್ರಿಯನ್ನು ಬಿಚ್ಚುತ್ತಿತ್ತು. ಅದು ಬಿಚ್ಚದಿದ್ದರೆ ಬಳಸಲು ಎರಡನೆಯ ಛತ್ರಿ ಇರಲಿಲ್ಲ. ಕಲಿಕೆಯ ಹಂತದಲ್ಲೇ ಪ್ರಾಣ ತೆತ್ತವರಿದ್ದರು.

ಇಂಥ ದಿನಗಳಲ್ಲಿ ಧುಮುಕಿ ದಾರಿ ತೋರಿದವರು ರಂಗರಾಜ್ ಮತ್ತು ಹವಿಲ್ದಾರ್ ಮೇಜರ್ ಮಥುರಾ ಸಿಂಗ್. ಬಂದೂಕು ಹಿಡಿಯುವ ಯೋಧ ಮೊದಲು ಹಾರಿದ್ದರೆ ಅದು ಸಹಜವೆನಿಸುತ್ತಿತ್ತು. ಆದರೆ ಕೆಳಗೆ ನಿಂತು ಗಾಯಾಳುಗಳಿಗೆ ಪಟ್ಟಿ ಕಟ್ಟಬೇಕಾದ ವೈದ್ಯನೇ ಮೊದಲಿಗರ ಸಾಲಿನಲ್ಲಿ ಹಾರಿದ್ದು ಗಮನಾರ್ಹ. ಸೈನಿಕರು ಎಲ್ಲಿ ಇಳಿಯುವರೋ ಅಲ್ಲಿಗೆ ವೈದ್ಯನೂ ಇಳಿಯಬೇಕು, ರಸ್ತೆಯಿಲ್ಲದ ಕಡೆ ಆಂಬುಲೆನ್ಸ್ ವಾಹನ ಬರಲಾರದು ಎಂಬ ಸರಳ ಸತ್ಯ ಇದರ ಹಿಂದಿತ್ತು. ಅವರ ಪಾಲಿಗೆ ಜಿಗಿತವೆಂಬುದು ರೋಗಿಯ ಬಳಿಗೆ ಹೋಗುವ ದಾರಿಯಾಗಿತ್ತು. ಮುಂದಿನ ಬದುಕಿನುದ್ದಕ್ಕೂ ಅದು ಹಾಗೆಯೇ ಉಳಿಯಿತು.

ಸಂಗ್‌ಶಾಕ್ ಗುಡ್ಡದ ಪಾಠ

1944ರ ಮಾರ್ಚ್‌ನಲ್ಲಿ ಈ ಬ್ರಿಗೇಡಿಗೆ ಮಣಿಪುರದ ಸಂಗ್‌ಶಾಕ್ ಗುಡ್ಡದ ಮೇಲೆ ಅಗ್ನಿಪರೀಕ್ಷೆ ಎದುರಾಯಿತು. ಇಂಫಾಲ ಹಾಗೂ ಕೊಹಿಮಾದತ್ತ ನುಗ್ಗುತ್ತಿದ್ದ ಜಪಾನಿ ಸೇನೆಯನ್ನು 152ನೇ ಬೆಟಾಲಿಯನ್, ಗೂರ್ಖಾ ಪ್ಯಾರಾ ಬೆಟಾಲಿಯನ್ ಹಾಗೂ ಮರಾಠಾ ಲಘು ಪದಾತಿದಳದ 4ನೇ ಬೆಟಾಲಿಯನ್ ಜೊತೆಯಾಗಿ ತಡೆದು ನಿಂತವು. ಬೆಳಗಾವಿ ಕೇಂದ್ರದ ದಳವೊಂದು ಪ್ಯಾರಾ ಯೋಧರೊಡನೆ ಹೆಗಲು ಕೊಟ್ಟು ಕಾದಾಡಿದ್ದನ್ನು ಈ ಭಾಗದವರು ನೆನೆಯಲೇಬೇಕು.

ಗುಡ್ಡದ ಮೇಲೆ ನೀರಿಲ್ಲ. ವಿಮಾನಗಳು ಪ್ಯಾರಾಚೂಟಿನಲ್ಲಿ ಇಳಿಸಿದ ನೀರು, ಮದ್ದುಗುಂಡುಗಳಲ್ಲಿ ಬಹುಪಾಲು ಶತ್ರುವಿನ ಕೈ ಸೇರಿತು. ಮಾರ್ಚ್ 26ರ ರಾತ್ರಿ ಹಿಂದೆ ಸರಿಯುವ ಆದೇಶ ಬಂದಾಗ, ನಡೆಯಲಾಗದ ಗಾಯಾಳುಗಳಲ್ಲಿ ಹಲವರನ್ನು ಅಲ್ಲಿಯೇ ಬಿಟ್ಟು ಬರಬೇಕಾಯಿತು. ಆ ಆರು ದಿನಗಳ ಪ್ರತಿರೋಧದಿಂದ ಇಂಫಾಲ, ಕೊಹಿಮಾ ರಕ್ಷಣೆಗೆ ಅಮೂಲ್ಯ ಕಾಲಾವಕಾಶ ದೊರೆಯಿತೆಂದು ಯುದ್ಧ ಇತಿಹಾಸ ಹೇಳುತ್ತದೆ. ಆದರೆ ಬಿಟ್ಟು ಬಂದ ಗಾಯಾಳುಗಳ ನೆನಪು ಆ ಪಡೆಯ ವೈದ್ಯರಿಗೆ ಎಂಥ ಭಾರವಾಗಿದ್ದೀತೆಂಬುದನ್ನು ಊಹಿಸಬಹುದು.

ಕೈಯಿಂದ ನೀರು ತುಂಬಿಸಿದ ರೈಲು

ಸ್ವಾತಂತ್ರ್ಯಾನಂತರ 1950ರಲ್ಲಿ ಕೊರಿಯಾ ಯುದ್ಧ ಆರಂಭವಾಯಿತು. ಅಲಿಪ್ತ ನೀತಿಗೆ ಅನುಗುಣವಾಗಿ ಭಾರತ ಕಾದಾಡುವ ಸೈನ್ಯದ ಬದಲು ವೈದ್ಯರನ್ನು ಕಳುಹಿಸಿತು. ಹಾಗೆ ಹೋದದ್ದು 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್. ಹೆಸರು ಕೇಳಿ ವಾಹನವೆಂದು ಭಾವಿಸಬೇಕಿಲ್ಲ. ಅದು ಮುನ್ನೂರಕ್ಕೂ ಹೆಚ್ಚು ಸಿಬ್ಬಂದಿಯ ಸಂಚಾರಿ ಆಸ್ಪತ್ರೆ. ಅಗತ್ಯಬಿದ್ದರೆ ಆಗಸದಿಂದಲೂ ಇಳಿಯಬಲ್ಲ ಘಟಕ. ಅದರ ಮುಖ್ಯಸ್ಥರೇ ರಂಗರಾಜ್.

1950ರ ನವೆಂಬರಿನಲ್ಲಿ ಕೊರಿಯಾ ತಲುಪಿದ ಘಟಕ ಪ್ಯಾಂಗ್ಯಾಂಗ್‌ವರೆಗೆ ಸಾಗುವಷ್ಟರಲ್ಲಿ ಚೀನಾದ ಸೇನೆ ರಣರಂಗಕ್ಕಿಳಿದಿತ್ತು. ವಿಶ್ವಸಂಸ್ಥೆಯ ಪಡೆಗಳು ಅವಸರದಿಂದ ಹಿಂದೆ ಸರಿಯುತ್ತಿದ್ದವು. ಭಾರತೀಯ ಘಟಕದ ಬಳಿ ಸಾಕಷ್ಟು ವಾಹನಗಳಿರಲಿಲ್ಲ. ಸಲಕರಣೆಗಳನ್ನು ನಾಶಪಡಿಸಿ ಹೊರಡುವುದೊಂದೇ ಮಾರ್ಗವೆಂದು ಕಂಡಿತು. ಆದರೆ ಶಸ್ತ್ರಚಿಕಿತ್ಸೆಯ ಉಪಕರಣಗಳಿಲ್ಲದ ಆಸ್ಪತ್ರೆ ಯಾರ ಉಪಯೋಗಕ್ಕೂ ಬಾರದು. ರಂಗರಾಜ್ ಇದಕ್ಕೆ ಒಪ್ಪಲಿಲ್ಲ.

ಹುಡುಕಾಡಿದಾಗ ಉಗಿಬಂಡಿಯ ಎಂಜಿನ್ನೊಂದು, ಕೆಲವು ಡಬ್ಬಿಗಳು ಸಿಕ್ಕವು. ಎಂಜಿನ್ನಿನ ಬಾಯ್ಲರ್ ಬರಿದಾಗಿತ್ತು. ಸಿಬ್ಬಂದಿ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿ ನೀರು ತುಂಬಿಸಿದರು. ಎಂಜಿನ್ ಓಡಿಸುವುದನ್ನು ಬಲ್ಲವರು ಘಟಕದಲ್ಲೇ ಇದ್ದುದು ಅದೃಷ್ಟ. ಸಲಕರಣೆಗಳನ್ನೂ ಗಾಯಾಳುಗಳನ್ನೂ ಹೊತ್ತ ರೈಲು ನದಿಯ ಸೇತುವೆ ದಾಟಿದ ಸ್ವಲ್ಪ ಹೊತ್ತಿನಲ್ಲೇ ಆ ಸೇತುವೆಯನ್ನು ಸ್ಫೋಟಿಸಲಾಯಿತು. ಉಳಿಸಿಕೊಂಡ ಆ ಉಪಕರಣಗಳಿಂದಲೇ ಘಟಕ ಮುಂದೆ ಕೆಲಸ ಮಾಡಿತು.

ಹನ್ನೆರಡು ಮಂದಿಯ ಇಳಿತ

1951ರ ಮಾರ್ಚ್ 23ರಂದು ಅಮೆರಿಕದ 187ನೇ ವಾಯುಗಾಮಿ ತಂಡ ಮುನ್ಸಾನ್ ಬಳಿ ಧುಮುಕಿತು. ಹಿಂದೆ ಸರಿಯುತ್ತಿದ್ದ ಶತ್ರುಪಡೆಯ ದಾರಿ ಕತ್ತರಿಸುವುದು ಟೊಮಹಾಕ್ ಎಂಬ ಈ ಕಾರ್ಯಾಚರಣೆಯ ಉದ್ದೇಶ. ಮೂರು ಸಾವಿರಕ್ಕೂ ಹೆಚ್ಚು ಅಮೆರಿಕನ್ ಯೋಧರ ಜೊತೆ 12 ಮಂದಿ ಭಾರತೀಯರೂ ಧುಮುಕಿದರು. ಅವರನ್ನು ಮುನ್ನಡೆಸಿದವರು ರಂಗರಾಜ್. ದೆಹಲಿಯ ಮೊದಲ ಜಿಗಿತದಿಂದ ಯುದ್ಧಭೂಮಿಯ ಈ ಜಿಗಿತದವರೆಗೆ ಸುಮಾರು ಹತ್ತು ವರ್ಷಗಳು ಸಂದಿದ್ದವು.

ನೆಲ ಮುಟ್ಟಿದ ಮೇಲೆ ಅವರ ನಿಜವಾದ ಕೆಲಸ ಆರಂಭವಾಯಿತು. ಗಾಳಿಗೆ ಚದುರಿದ ಜೊತೆಗಾರರನ್ನು ಕೂಡಿಸಬೇಕು, ಇಳಿದ ಪೆಟ್ಟಿಗೆಗಳನ್ನು ಹುಡುಕಬೇಕು, ಗುಂಡಿನ ಸದ್ದಿನ ನಡುವೆಯೇ ಶಸ್ತ್ರಚಿಕಿತ್ಸೆಗೆ ಜಾಗ ಸಿದ್ಧಪಡಿಸಬೇಕು. ಮರಳಿ ಒಯ್ಯಲಾಗದಷ್ಟು ತೀವ್ರವಾಗಿ ಗಾಯಗೊಂಡ ಹಲವರು ಅಲ್ಲಿಯೇ ಚಿಕಿತ್ಸೆ ಪಡೆದು ಬದುಕುಳಿದರು. ಸೇವೆಗಾಗಿ ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು.

ಘಟಕದ ಇನ್ನೊಂದು ಭಾಗ ಡೇಗು ನಗರದಲ್ಲಿ ನಾಗರಿಕರಿಗೂ ಚಿಕಿತ್ಸೆ ನೀಡುತ್ತಿತ್ತು. ಮೆರೂನ್ ಬಣ್ಣದ ಟೊಪ್ಪಿಗೆಯ ಭಾರತೀಯ ವೈದ್ಯರು ಅಲ್ಲಿಯ ಜನರಿಗೆ ದೇವದೂತರಂತೆ ಕಂಡರು. 1953ರ ಜುಲೈನಲ್ಲಿ ಕದನವಿರಾಮವಾದ ಬಳಿಕ ಯುದ್ಧಕೈದಿಗಳ ವಿಚಾರ ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಕೈದಿಗಳ ಕಾವಲಿಗೆ ಹೋದ ಭಾರತೀಯ ಪಡೆಯ ನಾಯಕರು ನಿಪ್ಪಾಣಿಗೆ ಹತ್ತಿರದ ಕೊಲ್ಹಾಪುರ ಸೀಮೆಯವರಾದ ಎಸ್.ಪಿ.ಪಿ. ಥೋರಾತ್. 60ನೇ ಘಟಕ ಈ ಪಡೆಯೊಂದಿಗೂ ದುಡಿದು, ಮೂರು ವರ್ಷಗಳಿಗೂ ಮೀರಿದ ಸೇವೆಯ ಬಳಿಕ 1954ರಲ್ಲಿ ತಾಯ್ನಾಡಿಗೆ ಮರಳಿತು.

ಯುದ್ಧದಿಂದ ಸಿಡುಬಿನತ್ತ

ಸೇನೆಯ ಬಳಿಕವೂ ರಂಗರಾಜ್ ವಿಶ್ರಾಂತಿ ಬಯಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನಾ ಕಾರ್ಯಕ್ರಮ ಸೇರಿ ಅಫ್ಘಾನಿಸ್ತಾನದಲ್ಲಿ ಅದರ ಹೊಣೆ ಹೊತ್ತರು. ಪರ್ವತಗಳ ನಡುವಿನ ಹಳ್ಳಿಗಳು, ಹಿಮ ಬಿದ್ದರೆ ಮುಚ್ಚುವ ದಾರಿಗಳು, ಅಪರಿಚಿತರಿಗೆ ಬಾಗಿಲು ತೆರೆಯದ ಮನೆಗಳು. ಅಲ್ಲಿಯೂ ಅವರು ಮಾಡಿದ್ದು ಮೊದಲಿನ ಕೆಲಸವನ್ನೇ, ದಾರಿಯಿಲ್ಲದಲ್ಲಿಗೆ ಔಷಧ ಒಯ್ಯುವುದನ್ನು. 1970ರ ದಶಕದ ಆರಂಭದಲ್ಲಿ ಆ ದೇಶ ಸಿಡುಬಿನಿಂದ ಮುಕ್ತವಾಯಿತು.

2009ರಲ್ಲಿ ಅವರು ನಿಧನ ಹೊಂದಿದರು. 2020ರಲ್ಲಿ ಯುದ್ಧಾರಂಭದ 70ನೇ ವರ್ಷಾಚರಣೆಯ ವೇಳೆ ದಕ್ಷಿಣ ಕೊರಿಯಾ ಅವರನ್ನು ಯುದ್ಧವೀರರ ಸಾಲಿನಲ್ಲಿ ಸ್ಮರಿಸಿತು. ತವರು ನಾಡಿನಲ್ಲಿ ಅವರ ಹೆಸರು ಬಲ್ಲವರು ಕಡಿಮೆ ಎಂಬುದು ವಿಷಾದದ ಸಂಗತಿ.

ಹೊಸಬರಿಗೆ ದಾರಿದೀಪ

ಇಂದು ಧುಮುಕುವ ವಿದ್ಯೆ ಸೇನೆಗಷ್ಟೇ ಸೀಮಿತವಲ್ಲ. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಸ್ಕೈಡೈವಿಂಗ್ ಶಿಬಿರಗಳು ನಡೆದದ್ದುಂಟು. ಬೆನ್ನಿನ ಚೀಲದಲ್ಲಿ ಈಗ ಎರಡು ಛತ್ರಿಗಳಿರುತ್ತವೆ. ಸೇನೆಯ ತರಬೇತಿ ಕೇಂದ್ರ ಆಗ್ರಾದಲ್ಲಿದ್ದು, ಐದು ಜಿಗಿತ ಪೂರೈಸಿದವರಿಗೆ ರೆಕ್ಕೆಯ ಲಾಂಛನ ದೊರೆಯುತ್ತದೆ. ನಾಗರಿಕರ ಪೈಕಿ ಅಮೆರಿಕದ ಪ್ಯಾರಾಚೂಟ್ ಸಂಘದ ಮೊದಲ ಹಂತದ ಪರವಾನಗಿಗೆ ಕನಿಷ್ಠ 25 ಜಿಗಿತ ಬೇಕು. ಛತ್ರಿಯನ್ನು ಸ್ವತಃ ಮಡಚಿಡಲು ಕಲಿತಿರಬೇಕು.

ಪರವಾನಗಿ ಕೈಗೆ ಬಂದೊಡನೆ ಎಲ್ಲವೂ ಕರಗತವಾಯಿತೆಂದು ತಿಳಿಯುವುದೇ ಹೊಸಬರು ಮಾಡುವ ದೊಡ್ಡ ತಪ್ಪು. ಇಂದಿನ ಅವಘಡಗಳಲ್ಲಿ ಅನೇಕವು ನಡೆಯುವುದು ಛತ್ರಿ ಸರಿಯಾಗಿ ಬಿಚ್ಚಿಕೊಂಡ ನಂತರ, ನೆಲ ಸಮೀಪಿಸುವಾಗ. ಅನುಭವಕ್ಕೆ ಮೀರಿದ ಸಣ್ಣ, ವೇಗದ ಛತ್ರಿಗೆ ಆಸೆಪಡುವುದು, ಗಾಳಿಯನ್ನು ಲೆಕ್ಕಿಸದೆ ಹೊರಡುವುದು, ತಗ್ಗಿನಲ್ಲಿ ಏಕಾಏಕಿ ತಿರುಗುವುದು ಇದಕ್ಕೆ ಕಾರಣ. ದೊಡ್ಡ ಛತ್ರಿಯಲ್ಲಿ, ಬಲ್ಲವರ ಕಣ್ಗಾವಲಿನಲ್ಲಿ, ಹವೆ ಒಗ್ಗದ ದಿನ ನೆಲದ ಮೇಲೆಯೇ ಉಳಿಯುವ ಸಂಯಮದಿಂದ ಮುಂದುವರಿಯುವುದು ಕ್ಷೇಮ.

ರಂಗರಾಜ್ ಅವರ ಬದುಕು ಸಾರುವುದೂ ಇದನ್ನೇ. ಮೊದಲ ಜಿಗಿತ ಅವರಿಗೆ ಇತಿಹಾಸದಲ್ಲಿ ಸ್ಥಾನ ನೀಡಿತು. ಆದರೆ ಗಾಯಾಳುಗಳ ಜೀವ ಉಳಿಸಿದ್ದು ನೆಲ ಮುಟ್ಟಿದ ನಂತರದ ಅವರ ದುಡಿಮೆ. ಗಡಿನಾಡಿನ ರಸ್ತೆಗಳಲ್ಲಿ ನಸುಕಿಗೆ ಓಡುವ ತರುಣರು ನಾಳೆ ಮೆರೂನ್ ಟೊಪ್ಪಿಗೆ ಧರಿಸುವಾಗ, ಆ ಬಣ್ಣಕ್ಕೆ ಗೌರವ ತಂದವರಲ್ಲಿ ಸ್ಟೆತಸ್ಕೋಪ್ ಹಿಡಿದ ಈ ವೈದ್ಯರೂ ಒಬ್ಬರೆಂಬುದನ್ನು ಮರೆಯದಿರಲಿ.