ಬಾಗಿಲು ಕಾಯ್ದ ಭಗಿನಿ ಬಖಿತಾ

ಮನೆಯ ಯಜಮಾನ ಯಾವ ಹೊತ್ತಿಗೆ ಬರುತ್ತಾನೋ ತಿಳಿಯದು, ಆದ್ದರಿಂದ ಎಚ್ಚರವಾಗಿರಬೇಕು ಎಂಬ ಪ್ರಭುವಿನ ಬೋಧನೆಯನ್ನು ಆಗಮನ ಕಾಲದ ಬಲಿಪೂಜೆಯಲ್ಲಿ ಕೇಳುತ್ತೇವೆ. ಕೇಳಿದಾಗ ನಿಮಗೆ ಏನನ್ನಿಸುತ್ತದೆ? ಸಂತೋಷವೋ, ಭಯವೋ? ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳ ಮಂದಿಗೆ ಭಯವೇ. ಲೋಕಾಂತ್ಯ, ನ್ಯಾಯತೀರ್ಪು ಎಂದೊಡನೆ ಎದೆ ನಡುಗುತ್ತದೆ. ಯಜಮಾನನೆಂದರೆ ಏನೆಂಬುದನ್ನು ಮೈಮೇಲಿನ ಗಾಯಗಳಿಂದಲೇ ಅರಿತಿದ್ದ ಒಬ್ಬ ಮಹಿಳೆಯ ಬಾಳು ಈ ಭಯಕ್ಕೆ ಉತ್ತರ ಕೊಡುತ್ತದೆ. ಅವರೇ ಸಂತ ಜೋಸೆಫಿನ್ ಬಖಿತಾ.

ಸುಮಾರು 1869ರಲ್ಲಿ ಸುಡಾನಿನ ದಾರ್ಫುರ್ ಸೀಮೆಯಲ್ಲಿ ಅವರು ಹುಟ್ಟಿದರು. ಇನ್ನೂ ಆಡುವ ವಯಸ್ಸಿನಲ್ಲೇ ಗುಲಾಮರ ವ್ಯಾಪಾರಿಗಳು ಆ ಬಾಲಕಿಯನ್ನು ಕದ್ದೊಯ್ದರು. ಭೀತಿಯಿಂದ ಅವಳಿಗೆ ತನ್ನ ಹೆಸರೇ ಮರೆತುಹೋಯಿತು. ‘ಬಖಿತಾ’ ಎಂಬುದು ಕದ್ದವರೇ ಇಟ್ಟ ಹೆಸರು. ಅದರ ಅರ್ಥ ಭಾಗ್ಯವಂತೆ! ಸಂತೆಯಲ್ಲಿ ದನಕರುಗಳನ್ನು ಮಾರುವಂತೆ ಅವಳನ್ನು ಮತ್ತೆ ಮತ್ತೆ ಮಾರಿದರು. ಒಬ್ಬ ತುರ್ಕಿ ಸೇನಾಧಿಕಾರಿಯ ಮನೆಯಲ್ಲಿ ಅವಳ ಮೈಮೇಲೆ ಚಿತ್ತಾರ ಬರೆದು, ಗೆರೆಯ ಮೇಲೆ ಕೊಯ್ದು, ಗಾಯಕ್ಕೆ ಉಪ್ಪು ತಿಕ್ಕಿದರು. ನೂರಕ್ಕೂ ಹೆಚ್ಚು ಕಲೆಗಳು ಸಾಯುವ ತನಕ ಉಳಿದವು. ಯಜಮಾನನ ಹೆಜ್ಜೆಯ ಸದ್ದು ಕೇಳಿದರೆ ಚಾಟಿಯೇಟು ನೆನಪಾಗುತ್ತಿದ್ದ ಬಾಳು ಅದು.

ಕೊನೆಗೆ ಖಾರ್ಟೂಮ್ ನಗರದಲ್ಲಿ ಇಟಲಿಯ ರಾಯಭಾರ ಅಧಿಕಾರಿ ಕಾಲಿಸ್ತೊ ಲೆನ್ಯಾನಿ ಅವಳನ್ನು ಕೊಂಡರು. ಆ ಮನೆಯಲ್ಲಿ ಹೊಡೆತ ಇರಲಿಲ್ಲ. 1885ರಲ್ಲಿ ಅವರೊಡನೆ ಇಟಲಿಗೆ ಹೋದ ಬಖಿತಾ, ಮಿಕಿಯೆಲಿ ಎಂಬ ಕುಟುಂಬದಲ್ಲಿ ಪುಟ್ಟ ಮಗುವಿನ ದಾದಿಯಾದಳು. ಆ ಕುಟುಂಬದ ಆಸ್ತಿಪಾಸ್ತಿ ನೋಡಿಕೊಳ್ಳುತ್ತಿದ್ದ ಕೆಕ್ಕೀನಿ ಎಂಬವರು ಅವಳ ಕೈಗೆ ಬೆಳ್ಳಿಯ ಶಿಲುಬೆಯೊಂದನ್ನು ಕೊಟ್ಟರು. ಚಾಟಿ ಹಿಡಿದ ಯಜಮಾನರನ್ನಷ್ಟೇ ಕಂಡಿದ್ದವಳಿಗೆ, ತಾನೇ ಏಟು ತಿಂದ ಯಜಮಾನನ ಪರಿಚಯ ಹೀಗೆ ಶುರುವಾಯಿತು. ಚಿಕ್ಕಂದಿನಲ್ಲಿ ಸೂರ್ಯ, ಚಂದ್ರ, ನಕ್ಷತ್ರಗಳನ್ನು ನೋಡಿ, ಇವುಗಳ ಒಡೆಯ ಯಾರಿರಬಹುದೆಂದು ಅವಳು ಬೆರಗಾಗುತ್ತಿದ್ದಳಂತೆ. ವೆನಿಸ್ಸಿನ ಕನೋಸಿಯನ್ ಭಗಿನಿಯರ ಬಳಿ ಧರ್ಮೋಪದೇಶ ಕಲಿಯುವಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತು.

ಮಿಕಿಯೆಲಿ ದಂಪತಿಯ ಹೋಟೆಲು ಸುಡಾನಿನಲ್ಲಿತ್ತು. ಒಡತಿ ಅವಳನ್ನು ಅಲ್ಲಿಗೆ ಕರೆದೊಯ್ಯಲು ಬಂದರು. ಬಖಿತಾ ಒಪ್ಪಲಿಲ್ಲ. ಎತ್ತಿ ಆಡಿಸಿದ ಮಗುವನ್ನು ಬಿಟ್ಟಿರುವುದು ಸುಲಭವಾಗಿರಲಿಲ್ಲ. ಆದರೂ ಪ್ರಭುವನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಇಟಲಿಯ ಕಾನೂನಿನಲ್ಲಿ ಗುಲಾಮಗಿರಿಗೆ ಎಡೆಯಿಲ್ಲದ್ದರಿಂದ, 1889ರ ನವೆಂಬರ್ 29ರಂದು ಅವಳು ಸ್ವತಂತ್ರಳೆಂದು ತೀರ್ಪಾಯಿತು. 1890ರ ಜನವರಿ 9ರಂದು ಜ್ಞಾನಸ್ನಾನ, ದೃಢೀಕರಣ ಹಾಗೂ ಪರಮಪ್ರಸಾದ ಮೂರನ್ನೂ ಪಡೆದಳು. 1896ರ ಡಿಸೆಂಬರ್ 8ರಂದು ವ್ರತ ಸ್ವೀಕರಿಸಿ ಕನೋಸಿಯನ್ ಭಗಿನಿಯಾದರು.

1902ರಿಂದ ಅವರ ಬಾಳು ಬಹುಪಾಲು ಸ್ಕಿಯೊ ಎಂಬ ಪಟ್ಟಣದ ಕಾನ್ವೆಂಟಿನಲ್ಲೇ ಕಳೆಯಿತು. ಅಡುಗೆ, ಹೊಲಿಗೆ, ಕಸೂತಿ, ಕೊನೆಗೆ ಬಾಗಿಲು ಕಾಯುವ ಕೆಲಸ. ಶಾಲೆಗೆ ಬರುವ ಮಕ್ಕಳ ತಲೆ ನೇವರಿಸುವರು. ಬಾಗಿಲು ತಟ್ಟಿದ ಬಡವರಿಗೆ ಸಮಾಧಾನ ಹೇಳುವರು. ಸಂತ ಮಾರ್ಕರ ಶುಭಸಂದೇಶದ 13ನೇ ಅಧ್ಯಾಯವನ್ನು ತೆರೆದು ನೋಡಿ. ಯಜಮಾನನು ಊರು ಬಿಟ್ಟು ಹೋಗುವಾಗ ಎಚ್ಚರವಾಗಿರೆಂದು ಅಪ್ಪಣೆ ಕೊಡುವುದು ಬಾಗಿಲು ಕಾಯುವವನಿಗೇ!

ವೆನಿಸ್ ಸೀಮೆಯ ಆಡುನುಡಿಯಲ್ಲಿ ಯಜಮಾನನಿಗೆ ‘ಪರೋನ್’ ಎನ್ನುತ್ತಾರೆ. ಬಖಿತಾ ದೇವರನ್ನು ಅದೇ ಪದದಿಂದ ಕರೆದರು. ಒಮ್ಮೆ ನಡುಕ ಹುಟ್ಟಿಸುತ್ತಿದ್ದ ಪದ ಈಗ ಅಕ್ಕರೆಯ ಪದವಾಯಿತು. ತನ್ನನ್ನು ಕದ್ದವರು ಎದುರಾದರೆ ಮೊಣಕಾಲೂರಿ ಅವರ ಕೈಗೆ ಮುತ್ತಿಡುವೆನೆಂದೂ ಹೇಳುತ್ತಿದ್ದರು. ಆ ದಾರಿಯಿಂದಲೇ ತಾನು ಪ್ರಭುವಿನ ಬಳಿಗೆ ಬಂದದ್ದೆಂಬುದು ಅವರ ನಂಬಿಕೆ.

ಕೊನೆಯ ವರ್ಷಗಳಲ್ಲಿ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದರು. ಜ್ವರದ ಭ್ರಮೆಯಲ್ಲಿ ಹಳೆಯ ಸಂಕೋಲೆಗಳು ಮರಳಿ ಬಂದವು. ಅವು ಭಾರವಾಗಿವೆ, ಸಡಿಲಿಸಿರೆಂದು ಬೇಡಿಕೊಂಡರು. ನೋಡಿದಿರಾ, ಸಂತರಿಗೂ ಹಳೆಯ ಭಯ ಪೂರಾ ಅಳಿಯಲಿಲ್ಲ. ಆದರೆ ಭರವಸೆ ಅದಕ್ಕಿಂತ ದೊಡ್ಡದಾಗಿತ್ತು. ಮಾತೆ ಮರಿಯಳನ್ನು ಕರೆಯುತ್ತಾ 1947ರ ಫೆಬ್ರವರಿ 8ರಂದು ಅವರು ಯಜಮಾನನ ಮನೆ ಸೇರಿದರು. ಜಗದ್ಗುರು ಎರಡನೇ ಜಾನ್ ಪೌಲರು 2000ದ ಅಕ್ಟೋಬರ್ 1ರಂದು ಅವರನ್ನು ಸಂತರೆಂದು ಘೋಷಿಸಿದರು.

ಓದುಗರೇ, ಎಚ್ಚರವಾಗಿರುವುದೆಂದರೆ ಲೋಕಾಂತ್ಯದ ದಿನ ಎಣಿಸುವುದಲ್ಲ, ಹೆದರಿ ನಿದ್ದೆಗೆಡುವುದೂ ಅಲ್ಲ. ಬರುವವನು ಯಾರೆಂದು ತಿಳಿದು, ಕೊಟ್ಟ ಕೆಲಸ ಮಾಡುತ್ತಾ ಬಾಗಿಲಲ್ಲಿರುವುದು. ಇಂದು ನಿಮ್ಮ ಬಾಗಿಲು ತಟ್ಟುವವರು ಯಾರು? ಸಾಲ ಕೇಳುವ ನೆರೆಯವರೋ, ಮುನಿಸಿಕೊಂಡು ಹೋಗಿದ್ದ ತಮ್ಮನೋ? ಎದ್ದು ಬಾಗಿಲು ತೆರೆಯಿರಿ. ದಿನವೂ ಹೀಗೆ ತೆರೆದು ಅಭ್ಯಾಸವಾದ ಕೈಗೆ, ಪ್ರಭು ಬಂದು ತಟ್ಟಿದಾಗ ಅಗುಳಿ ತೆಗೆಯುವುದು ಕಷ್ಟವಾಗದು.