ಮನೆಯನ್ನೇ ಬಾನುಲಿ ನಿಲಯವಾಗಿಸಿದ ಪ್ರಾಧ್ಯಾಪಕರು

ನಮ್ಮ ತಂದೆಯವರಿಗೆ ಓದುಬರಹ ಬಾರದು. ಮಸ್ಕಿಯ ಗುಡ್ಡದಲ್ಲಿರುವ ಅಶೋಕನ ಶಾಸನದ ಮುಂದೆ ಒಮ್ಮೆ ನಾವಿಬ್ಬರೂ ನಿಂತಿದ್ದೆವು. ಸಣ್ಣವರಿಗೂ ದೊಡ್ಡವರಿಗೂ ಧರ್ಮದ ಮಾತು ತಿಳಿಯಲೆಂದು ಕೆತ್ತಿಸಿದ ಆ ಕಲ್ಲು ನಮ್ಮಿಬ್ಬರಿಗೂ ಮೂಕವಾಗಿಯೇ ಇತ್ತು, ಬಿ.ಎ. ಓದುವ ನನಗೂ ಬ್ರಾಹ್ಮೀ ಲಿಪಿ ಬಾರದು. ಆದರೆ ನಮ್ಮ ಮನೆಯ ರೇಡಿಯೋ ತಂದೆಯವರೊಡನೆ ದಿನವೂ ಮಾತಾಡಿತು. ಅಕ್ಷರ ಬೇಡದೆ ಅರಿವನ್ನು ನೀಡುವ ಈ ಸಾಧನಕ್ಕಾಗಿ ಕನ್ನಡ ನಾಡಿನಲ್ಲಿ ಮೊದಲು ದುಡಿದವರನ್ನು ಅರಸಿದಾಗ ನನಗೆ ದೊರೆತ ಹೆಸರು ಡಾ. ಎಂ. ವಿ. ಗೋಪಾಲಸ್ವಾಮಿಯವರದು.

ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ವಿದ್ವಾಂಸರ ಬಳಿ ಅಭ್ಯಾಸ ಮಾಡಿ ಬಂದು, 1924ರಲ್ಲಿ ಮೈಸೂರಿನಲ್ಲಿ ಆ ಶಾಸ್ತ್ರದ ಬೋಧನೆಗೆ ತಳಹದಿ ಹಾಕಿದರು. ಮನುಷ್ಯನ ಮನಸ್ಸನ್ನು ಅರಿಯಲು ಹೊರಟವರು ಆ ಮನಸ್ಸನ್ನು ಮುಟ್ಟುವ ದಾರಿಯನ್ನೂ ಹುಡುಕಿದುದು ಸಹಜವೇ ಸರಿ.

1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಅವರು ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಮನೆಯ ಒಂದು ಸಣ್ಣ ದೀಪಕ್ಕೆ ಸಾಲುವಷ್ಟು! ಕೈಯಿಂದ ಹಣ ಹಾಕಿ, ಜನರ ನೆರವು ಪಡೆದು, ಮುಂದೆ 250 ವ್ಯಾಟಿನ ಯಂತ್ರವನ್ನು ತರಿಸಿದರು. ಅವರ ಸಹಾಯಕರಾಗಿದ್ದ ನಾ. ಕಸ್ತೂರಿಯವರು ಸೂಚಿಸಿದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. 1942ರಲ್ಲಿ ನಿಲಯವು ಮೈಸೂರು ಸಂಸ್ಥಾನದ ವಶಕ್ಕೂ 1950ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ತಾವು ಕಟ್ಟಿದುದು ನಾಡಿನದಾಗುವುದಕ್ಕಿಂತ ಹೆಚ್ಚಿನ ಸಾರ್ಥಕ್ಯ ಒಬ್ಬ ಅಧ್ಯಾಪಕರಿಗೆ ಬೇರೇನಿದೆ?

ಆ ಮೊದಲ ಪ್ರಸಾರದ ಕಾಲದಲ್ಲಿ ನಮ್ಮ ಸಿಂಧನೂರು, ಲಿಂಗಸುಗೂರು ಸೀಮೆ ನಿಜಾಮರ ಆಡಳಿತದಲ್ಲಿತ್ತು. 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. 1966ರಲ್ಲಿ ಗುಲಬರ್ಗಾ ನಿಲಯ ಆರಂಭವಾಯಿತು. ಹೀಗೆ ಮೈಸೂರಿನ ಒಂದು ಮನೆಯಲ್ಲಿ ಹೊತ್ತಿದ ದೀಪದ ಬೆಳಕು ನಮ್ಮ ಕಡೆಗೂ ಹರಡಿತು.

ಇಂದು ಬಾನುಲಿಯ ಕೆಲಸವನ್ನು ಬಹುಮಟ್ಟಿಗೆ ಗಣಕಯಂತ್ರವೇ ನಡೆಸಬಲ್ಲುದು. ಯಾವ ಹಾಡು, ಯಾವ ಭಾಷಣ, ಯಾವ ಕ್ಷಣಕ್ಕೆ ಎಂಬ ಪಟ್ಟಿಯನ್ನು ಮೊದಲೇ ಕೊಟ್ಟರೆ ತಂತ್ರಾಂಶವು ಒಂದರ ಹಿಂದೆ ಒಂದನ್ನು ತಾನಾಗಿ ಬಿತ್ತರಿಸುತ್ತದೆ. ನಡುವೆ ಧ್ವನಿ ನಿಂತುಹೋದರೆ ಬೇರೊಂದು ಹಾಡನ್ನು ಹಚ್ಚುವಂತೆಯೂ ಅದನ್ನು ಅಣಿಗೊಳಿಸಬಹುದು. ನಡುರಾತ್ರಿ ನಿಲಯದಲ್ಲಿ ಒಬ್ಬರೂ ಇಲ್ಲದಿದ್ದರೂ ಪ್ರಸಾರ ತಪ್ಪದು. ಇದು ಹಳಿಯತಕ್ಕ ಮಾತಲ್ಲ. ಸ್ವಲ್ಪ ಹಣದಿಂದ ನಿಲಯ ನಡೆಸುವವರಿಗೆ ಇದೊಂದು ವರವೇ. ಆದರೆ ನಮ್ಮ ಹೊಲಗಳಿಗೆ ನಾಲೆಯ ನೀರು ಬಾರದ ದಿನ, ಹಳ್ಳ ಬಂದು ದಾರಿ ಕಟ್ಟಿದ ದಿನ, ಆ ಪಟ್ಟಿಯನ್ನು ಬದಿಗಿಟ್ಟು ಜನರಿಗೆ ಬೇಕಾದ ಮಾತನ್ನು ಆಡಲು ಒಬ್ಬ ಮನುಷ್ಯನೇ ಬೇಕು. ಯಂತ್ರ ಹೊತ್ತನ್ನು ಕಾಯಬಲ್ಲುದು. ಕೇಳುಗನ ಕಷ್ಟವನ್ನು ಕಾಯಲಾರದು.

ಗೋಪಾಲಸ್ವಾಮಿಯವರ ಬಳಿ ಇದ್ದ ಯಂತ್ರ ಅತಿ ಚಿಕ್ಕದು, ಕೇಳುಗರ ಬಗೆಗಿನ ಕಾಳಜಿ ಬಹು ದೊಡ್ಡದು. ನಮ್ಮ ಮನೆಯಲ್ಲಿ ಮೊದಲು ಪದವಿಯ ಮೆಟ್ಟಿಲು ಹತ್ತಿದವನು ನಾನು. ಕಲಿತದ್ದನ್ನು ಕಲಿಯದವರ ಕಿವಿಗೆ ಮುಟ್ಟಿಸುವುದು ನನ್ನಂಥವರ ಋಣವೆಂದು ಆ ಮಹನೀಯರ ಬದುಕು ನನಗೆ ಕಲಿಸಿದೆ.