ಚಾಪೆಲ್ ಗೋಡೆಯ ಮೇಲೆ ಒಳಿತು–ಕೆಡುಕು: ಬ್ರದರ್ ಅಂತೋನಿಯೊ ಮೊಸ್ಕೆನಿ



ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯ ಧರ್ಮಕಾರ್ಯಕ್ಕೆ ಕರಾವಳಿಯವರಾದ ನಾವು ಹೊರಗಿನವರಲ್ಲ. 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದ ಆ ಭಾಗದಲ್ಲಿ ನಮ್ಮ ಕಡೆಯ ಗುರುಗಳೂ ಧರ್ಮಭಗಿನಿಯರೂ ಸೇವೆ ಸಲ್ಲಿಸಿದ್ದಾರೆ. ಅಲ್ಲಿಯೂ ಇಲ್ಲಿಯೂ ಧರ್ಮೋಪದೇಶ ಮಾಡುವವರ ಮುಂದಿರುವ ಪ್ರಶ್ನೆ ಒಂದೇ. ಪಾಪ–ಪುಣ್ಯಗಳನ್ನು ಮಕ್ಕಳಿಗೆ ತಿಳಿಸಲು ಯಾವ ಚಿತ್ರ ತೋರಿಸಬೇಕು? ಕೊಂಬು ಬಾಲಗಳ ಸೈತಾನನನ್ನೂ ಉರಿಯುವ ನರಕವನ್ನೂ ತೋರಿಸಿ ಹೆದರಿಸುವುದು ಸುಲಭ. ಚಿಕ್ಕಂದಿನಲ್ಲಿ ಅಂಥ ಪಟಗಳನ್ನು ನೋಡಿ ರಾತ್ರಿ ನಿದ್ದೆಗೆಟ್ಟವರಲ್ಲಿ ನಾವೂ ಸೇರಿದ್ದೇವೆ. ಆದರೆ ಹೆದರಿದ ಮಗು ಒಳ್ಳೆಯದನ್ನು ಪ್ರೀತಿಸಲು ಕಲಿಯುತ್ತದೆಯೇ? ಈ ಪ್ರಶ್ನೆಗೆ ಕುಂಚದಿಂದಲೇ ಉತ್ತರ ಕೊಟ್ಟ ಒಬ್ಬ ಸಹೋದರನನ್ನು ಇಂದು ಸ್ಮರಿಸೋಣ.

ಅಂತೋನಿಯೊ ಮೊಸ್ಕೆನಿ ಹುಟ್ಟಿದ್ದು 1854ರ ಜನವರಿ 17ರಂದು, ಇಟಲಿಯ ಬೆರ್ಗಾಮೊ ಬಳಿಯ ಸ್ತೆತ್ಸಾನೊ ಎಂಬ ಊರಿನಲ್ಲಿ. ಬೆರ್ಗಾಮೊದ ಕರ್ರಾರಾ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತರು. ನಂತರ ರೋಮ್‌ಗೆ ಹೋಗಿ ವ್ಯಾಟಿಕನ್‌ನ ಮಹಾಕೃತಿಗಳನ್ನು ಅಭ್ಯಾಸ ಮಾಡಿದರು. ಅಲ್ಲಿನ ಸಿಸ್ಟೈನ್ ಚಾಪೆಲ್‌ನಲ್ಲಿ ಮೈಕೆಲೆಂಜೆಲೊ 1541ರಲ್ಲಿ ಮುಗಿಸಿದ ಅಂತಿಮ ತೀರ್ಪಿನ ಚಿತ್ರವಿದೆ. ಒಂದು ಬದಿಯಲ್ಲಿ ಮೇಲೇರುವ ಪುಣ್ಯವಂತರು, ಮತ್ತೊಂದು ಬದಿಯಲ್ಲಿ ಪಾತಾಳಕ್ಕೆ ಬೀಳುವ ಪಾಪಿಗಳು. ಒಳಿತು ಕೆಡುಕುಗಳನ್ನು ಹೀಗೆ ಎದುರುಬದುರಾಗಿ ನಿಲ್ಲಿಸುವ ಪರಂಪರೆಯಲ್ಲಿಯೇ ಅವರ ಕಾಲದ ಚಿತ್ರಕಾರರು ಬೆಳೆದದ್ದು.

1889ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಅವರು ಯೇಸುಸಭೆ ಸೇರಿದರು. ಗುರುವಾಗಿ ಅಲ್ಲ, ಸಹೋದರನಾಗಿ. ಬಲಿಪೀಠದಲ್ಲಿ ಪೂಜೆ ಅರ್ಪಿಸುವ ಭಾಗ್ಯ ಅವರದಾಗಲಿಲ್ಲ. ಬಲಿಪೀಠದ ಸುತ್ತಲ ಗೋಡೆಗಳೇ ಅವರ ಪ್ರಸಂಗಪೀಠವಾದವು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ದುಡಿಮೆಯನ್ನೇ ಪೂಜೆಯೆಂದು ಬಗೆದವರು. ಆ ನಾಡಿನ ಜನರಿಗೆ ಈ ಸಹೋದರನ ಬದುಕನ್ನು ವಿವರಿಸಬೇಕಾದರೆ ಕಾಯಕ ಎಂಬ ಒಂದೇ ಮಾತು ಸಾಕು.

1898ರಲ್ಲಿ ಅವರನ್ನು ಮಂಗಳೂರಿಗೆ ಕಳುಹಿಸಲಾಯಿತು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ 1880ರ ದಶಕದಲ್ಲಿಯೇ ಕಟ್ಟಿ ಮುಗಿದಿತ್ತು, ಆದರೆ ಗೋಡೆಗಳು ಬರಿದಾಗಿದ್ದವು. 1899ರಿಂದ 1901ರವರೆಗೆ ಸುಮಾರು 829 ಚದರ ಮೀಟರ್ ಜಾಗವನ್ನು ಅವರು ಚಿತ್ರಗಳಿಂದ ತುಂಬಿದರು. ಗೋಡೆಗಳಿಗೆ ಫ್ರೆಸ್ಕೊ, ಛಾವಣಿಗೆ ಕ್ಯಾನ್ವಾಸ್ ಮೇಲಿನ ತೈಲಚಿತ್ರ. ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚುವುದು. ಗಾರೆ ಒಣಗುವ ಮೊದಲೇ ಆ ಭಾಗ ಮುಗಿಯಬೇಕು. ತಪ್ಪಾದರೆ ಗಾರೆ ಕೆತ್ತಿ ಮತ್ತೆ ಹಚ್ಚಬೇಕು. ನಮ್ಮ ಮಳೆಗಾಲವನ್ನು ಬಲ್ಲವರಿಗೆ ಆ ಶ್ರಮ ಏನೆಂದು ಹೇಳಬೇಕಾಗಿಲ್ಲ.

ಛಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಸಾಗರ ಜೀವನವಿದೆ. ಅವರೂ ಚಿತ್ರಕಾರನ ಲೊಂಬಾರ್ದಿ ನಾಡಿನವರೇ. ಮ್ಯಾಡ್ರಿಡ್‌ನ ಅರಮನೆಯಲ್ಲಿ ವೈಭೋಗದ ನಡುವೆ ವಿರಕ್ತನಾಗಿ ಬಾಳಿದ ಬಾಲಕ, ಸಂತ ಚಾರ್ಲ್ಸ್ ಬೊರೊಮಿಯೊ ಅವರಿಂದ ಪ್ರಥಮ ಪರಮಪ್ರಸಾದ, ಕೊನೆಗೆ ರೋಮ್‌ನ ಪ್ಲೇಗ್ ರೋಗಿಗಳ ಸೇವೆ. ಆ ಸೇವೆಯಲ್ಲಿಯೇ ಸೋಂಕು ತಗಲಿ ಸಂತರು 1591ರಲ್ಲಿ, 23ನೆಯ ವಯಸ್ಸಿನಲ್ಲಿ, ಪ್ರಾಣಬಿಟ್ಟರು. ಛಾವಣಿಯ ಇಳಿಜಾರಿನಲ್ಲಿ ಪ್ರೇಷಿತರಿದ್ದಾರೆ, ತಮ್ಮನ್ನು ಕೊಂದ ಆಯುಧಗಳೊಡನೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಚಿತ್ರಗಳಲ್ಲಿಯೂ ಕೆಡುಕು ಇದೆ, ಆದರೆ ಕೊಂಬು ಕಟ್ಟಿಕೊಂಡು ಬಂದಿಲ್ಲ. ಒಮ್ಮೆ ಅದು ಅರಮನೆಯ ಸುಖವಾಗಿ ಕರೆಯುತ್ತದೆ, ಒಮ್ಮೆ ಪ್ಲೇಗ್ ಆಗಿ ಹೆದರಿಸುತ್ತದೆ, ಒಮ್ಮೆ ಕೊಲೆಗಾರನ ಆಯುಧವಾಗುತ್ತದೆ. ಕೊಂದವರು ಚಿತ್ರದಲ್ಲಿಲ್ಲ, ಆಯುಧ ಮಾತ್ರ ಉಳಿದು ರಕ್ತಸಾಕ್ಷಿಯ ಗುರುತಾಗಿದೆ. ಕೆಡುಕಿಗೆ ಕೊನೆಯ ಮಾತಿಲ್ಲ ಎಂಬ ಪಾಸ್ಕದ ವಿಶ್ವಾಸವನ್ನು ಓದುಬರಹ ತಿಳಿಯದವರೂ ಇಲ್ಲಿ ತಲೆಯೆತ್ತಿ ಓದಬಹುದು.

ಆಮೇಲೆಯೂ ಅವರ ಕುಂಚಕ್ಕೆ ಬಿಡುವಿರಲಿಲ್ಲ. ಜೆಪ್ಪು ಸೆಮಿನರಿಯ ದೇವಾಲಯದಲ್ಲಿಯೂ ಮುಂಬಯಿಯ ಹೋಲಿ ನೇಮ್ ದೇವಾಲಯದಲ್ಲಿಯೂ ಅವರ ಕೆಲಸವಿದೆ. ಕೊನೆಯ ಕರೆ ಕೊಚ್ಚಿಯ ಸಾಂತಾ ಕ್ರೂಜ್ ಮಹಾದೇವಾಲಯದಿಂದ ಬಂತು. ಅಲ್ಲಿ ಲಿಯನಾರ್ಡೊ ದ ವಿಂಚಿಯ ಕೃತಿಯ ಮಾದರಿಯಲ್ಲಿ ಅಂತಿಮ ಭೋಜನವನ್ನು ಚಿತ್ರಿಸಿದರು. ಲಿಯನಾರ್ಡೊ ಯೂದನನ್ನು ಬೇರೆ ಮೂಲೆಗೆ ತಳ್ಳಲಿಲ್ಲ. ಉಳಿದ ಶಿಷ್ಯರ ಸಾಲಿನಲ್ಲಿಯೇ, ಅದೇ ಮೇಜಿನಲ್ಲಿ ಕೂರಿಸಿದ. ಕೆಡುಕು ದೂರದ ನರಕದಲ್ಲಲ್ಲ, ನಮ್ಮ ಪಂಕ್ತಿಯಲ್ಲಿಯೇ ಕುಳಿತಿರಬಹುದು ಎಂಬ ಎಚ್ಚರಿಕೆ ಅದು.

ಕೊಚ್ಚಿಯ ದೇವಾಲಯದ ಪ್ರತಿಷ್ಠೆಗೆ ನಾಲ್ಕು ದಿನ ಉಳಿದಿರುವಾಗ, 1905ರ ನವೆಂಬರ್ 15ರಂದು, ಆಮಶಂಕೆಯಿಂದ ಬ್ರದರ್ ಮೊಸ್ಕೆನಿ ತೀರಿಕೊಂಡರು. ವಯಸ್ಸು 51. ತಾವು ಬಣ್ಣ ತುಂಬಿದ ಮನೆಯ ಹಬ್ಬವನ್ನು ಅವರು ಕಾಣಲಿಲ್ಲ.

ಮಂಗಳೂರಿನ ಚಿತ್ರಗಳನ್ನು 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆ ಜೀರ್ಣೋದ್ಧಾರ ಮಾಡಿತು. ಗೋಡೆಯನ್ನು ತಜ್ಞರು ಉಳಿಸಿಯಾರು. ಅದರ ಪಾಠವನ್ನು ಉಳಿಸಬೇಕಾದವರು ನಾವು. ಬಸವಕಲ್ಯಾಣದಲ್ಲಿರಲಿ, ಬಂಟ್ವಾಳದಲ್ಲಿರಲಿ, ಮುಂದಿನ ಭಾನುವಾರ ಮಕ್ಕಳ ಮುಂದೆ ಚಿತ್ರ ಹಿಡಿಯುವಾಗ ನರಕದ ಪಟವನ್ನು ಕೆಳಗಿಟ್ಟು ರೋಗಿಯ ಬಳಿ ನಿಂತ ಆ ಯುವಕನನ್ನು ತೋರಿಸೋಣ. ಅವನಂತಾಗಬೇಕೆಂಬ ಆಸೆ ಒಂದು ಮಗುವಿನಲ್ಲಿ ಹುಟ್ಟಿದರೂ ಆ ಸಹೋದರನ ದುಡಿಮೆ ಸಾರ್ಥಕ.